ಮೂಲವ್ಯಾಧಿಯ ಅಲ್ಪಶಸ್ತ್ರ ಚಿಕಿತ್ಸೆಗಳು: ಒಂದು ತಾರತಮ್ಯ ವಿಚಾರ

ರೋಗಗಳಲ್ಲಿಯೂ ಮರ್ಯಾದೆಯುಳ್ಳವು, ಮರ್ಯಾದೆಯಿಲ್ಲದವು ಎಂದು ಎರಡು ಪಂಗಡಗಳನ್ನು ನಮ್ಮ ಜನರು ಕಲ್ಪಿಸಿಕೊಂಡಿರುವಂತೆ ತೋರುತ್ತದೆ. ಮಧುಮೇಹ, ರಕ್ತದ ಒತ್ತಡ, ಮಂಡಿನೋವು ಮೊದಲಾದುವನ್ನು ಕುರಿತು ಮದುವೆಯ ಪಂಕ್ತಿಯಲ್ಲಿ ಕುಳಿತು ಕೂಡ ನಿಸ್ಸಂಕೋಚವಾಗಿ ಮಾತನಾಡುವ ಗೃಹಸ್ಥರು, ಮೂಲವ್ಯಾಧಿಯ ಹೆಸರನ್ನು ತಮ್ಮ ವೈದ್ಯರ ಮುಂದೆ ಎತ್ತುವುದಕ್ಕೂ ಹಿಂದೆಗೆಯುವರು. ಸ್ತ್ರೀಯರ ವಿಷಯವನ್ನಂತೂ ಹೇಳಬೇಕಾದುದಿಲ್ಲ. ಬಸಿರು ಬಾಣಂತನಗಳಲ್ಲಿ ತಲೆದೋರಿದ ಈ ಬಾಧೆಯನ್ನು ಹತ್ತಾರು ವರುಷಗಳವರೆಗೆ ಯಾರಿಗೂ ತಿಳಿಸದೆ ನುಂಗಿಕೊಂಡಿರುವ ತಾಯಂದಿರು ಎಷ್ಟೋ ಮಂದಿ. ಈ ಲಜ್ಜೆಯಿಂದ ಎರಡು ಅನರ್ಥಗಳುಂಟಾಗುತ್ತವೆ. ಸುಲಭೋಪಾಯದಿಂದ ಶಮನವಾಗಬಹುದಾಗಿದ್ದ ರೋಗವು ಬಲಿತು, ದೊಡ್ಡ ಶಸ್ತ್ರಕ್ರಿಯೆಯಿಲ್ಲದೆ ತೀರದ ಸ್ಥಿತಿಗೆ ಬರುವುದು ಮೊದಲನೆಯದು. ಗುಟ್ಟಾಗಿ ವಾಸಿಮಾಡಿಕೊಳ್ಳಬೇಕೆಂಬ ಆಸೆಯಿಂದ ರೋಗಿಯು ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತನ್ನು ನಂಬಿ ಅಪಾತ್ರರ ಕೈಗೆ ಬೀಳುವುದು ಎರಡನೆಯದು.

ಇತ್ತೀಚಿನ ವರುಷಗಳಲ್ಲಿ ಇವುಗಳ ಜೊತೆಗೆ ಮೂರನೆಯ ತೊಡಕೊಂದು ಸೇರಿದೆ. “ಕೊಯ್ಯುವುದಿಲ್ಲ, ನೋವಿಲ್ಲ, ಸಂಜೆಗೆ ಮನೆಗೆ” ಎಂಬ ಫಲಕಗಳು ನಗರಗಳ ಬೀದಿಬೀದಿಗಳಲ್ಲಿ ಕಾಣಬರುತ್ತವೆ. ರಬ್ಬರ್ ಬ್ಯಾಂಡು, ಸೂಜಿಮದ್ದು, ಡಾಪ್ಲರ್, ಸ್ಟೇಪ್ಲರ್, ಲೇಸರ್ ಎಂದು ಮುಂತಾಗಿ ಹತ್ತು ಹೆಸರುಗಳನ್ನು ಕೇಳಿ ರೋಗಿಯು ದಿಕ್ಕುಗಾಣದವನಾಗುತ್ತಾನೆ. ಇವುಗಳಲ್ಲಿ ಯಾವುದು ಯಾರಿಗೆ ತಕ್ಕುದು? ಯಾವುದರಿಂದ ಎಷ್ಟು ಲಾಭ, ಎಷ್ಟು ನಷ್ಟ? ಈ ಲೇಖಕನು ವೈದ್ಯನಲ್ಲ. ಹುಡುಗರಿಗೆ ಸಂಸ್ಕೃತ ಪಾಠವನ್ನು ಹೇಳಿ ವಿಶ್ರಾಂತನಾದವನು. ಆದರೂ ಬಲ್ಲವರು ಬರೆದುದನ್ನು ಓದಿ, ಒಂದರೊಡನೊಂದನ್ನು ಹೋಲಿಸಿ, ಸಾರವನ್ನು ತಿಳಿಯಾಗಿ ಹೇಳುವುದು ಉಪಾಧ್ಯಾಯನ ವೃತ್ತಿಯೇ ಆಗಿರುವುದರಿಂದ ಈ ಕೆಲಸಕ್ಕೆ ಕೈಹಾಕಿದೆ.

ರೋಗದ ಸ್ವರೂಪ

ಸಂಸ್ಕೃತದಲ್ಲಿ ಈ ರೋಗಕ್ಕೆ ಅರ್ಶಸ್ಸೆಂದು ಹೆಸರು. ಅರಿಯಂತೆ, ಎಂದರೆ ಹಗೆಯಂತೆ, ಪ್ರಾಣಿಗಳನ್ನು ಹಿಂಸಿಸುವುದರಿಂದ ಆ ಹೆಸರು ಬಂದಿತೆಂದು ಪ್ರಾಚೀನರು ನಿರ್ವಚನ ಮಾಡುವರು. ಮಲದ್ವಾರದಲ್ಲಿ ಹೊಸದಾಗಿ ಹುಟ್ಟಿಕೊಂಡ ಮಾಂಸದ ಮೊಳಕೆಯೇ ಮೂಲವ್ಯಾಧಿಯೆಂಬ ಭಾವನೆಯು ಜನರಲ್ಲಿ ಈಗಲೂ ಉಂಟು. ಆದರೆ ೧೯೭೫ರಲ್ಲಿ ಥಾಮ್ಸನ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು ಅಂಗರಚನೆಯನ್ನು ಪರೀಕ್ಷಿಸಿ ಪ್ರಕಟಿಸಿದ ಸಂಗತಿಯು ಬೇರೆ. ಗುದನಾಳದ ಒಳಮೈಯಲ್ಲಿ ಎಲ್ಲ ಮನುಷ್ಯರಿಗೂ ಹುಟ್ಟಿನಿಂದಲೇ ಮೆತ್ತೆಗಳಿವೆ. ಸಾಮಾನ್ಯವಾಗಿ ಎಡಕ್ಕೆ ಒಂದು, ಬಲಕ್ಕೆ ಎರಡು. ರಕ್ತನಾಳಗಳ ಹೆಣಿಗೆಯೂ ನವುರಾದ ತಂತುಗಳೂ ಸೇರಿ ಆದ ಈ ಮೆತ್ತೆಗಳು, ನಲ್ಲಿಯೊಳಗಿನ ವಾಷರಿನಂತೆ, ದ್ವಾರವು ಬಿಗಿಯಾಗಿ ಮುಚ್ಚಿಕೊಳ್ಳಲು ನೆರವಾಗುತ್ತವೆ. ಮಲಬದ್ಧತೆಯಿಂದ ತಿಣುಕುವುದು, ಬಸಿರು, ವಯಸ್ಸು ಮುಂತಾದ ಕಾರಣಗಳಿಂದ ಇವುಗಳನ್ನು ಹಿಡಿದಿರುವ ತಂತುಗಳು ಸಡಿಲಗೊಂಡಾಗ ಮೆತ್ತೆಗಳು ಉಬ್ಬಿ ಕೆಳಕ್ಕೆ ಜಾರುತ್ತವೆ. ಅದೇ ಮೂಲವ್ಯಾಧಿ. ಇರಬೇಕಾದ ವಸ್ತುವೇ ಸ್ಥಾನಭ್ರಷ್ಟವಾಗಿ ಪೀಡೆಯಾಯಿತೆಂದು ತಾತ್ಪರ್ಯ.

ವಾಚಕರು ಇನ್ನೆರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗುದನಾಳದ ನಡುವೆ ಹಲ್ಲುಹಲ್ಲಾದ ಗೆರೆಯೊಂದಿದೆ, ಅದನ್ನು ದಂತರೇಖೆಯೆನ್ನೋಣ. ಈ ರೇಖೆಯ ಮೇಲಿನ ಒಳಪೊರೆಗೆ ಚುಚ್ಚಿದರೂ ಸುಟ್ಟರೂ ಚರ್ಮಕ್ಕೆ ಆಗುವಂತಹ ನೋವಿನ ಅರಿವಿಲ್ಲ. ಕೆಳಗಿನ ಭಾಗವಾದರೋ ಕಣ್ಣಿನಷ್ಟೇ ಸೂಕ್ಷ್ಮವಾದುದು. ಅಲ್ಪಶಸ್ತ್ರ ಚಿಕಿತ್ಸೆಗಳು ನಿಂತಿರುವುದು ಬಹುಮಟ್ಟಿಗೆ ಈ ಒಂದು ಆಧಾರದ ಮೇಲೆಯೇ. ಎರಡನೆಯದು, ವೈದ್ಯರು ಒಳಮೂಲವ್ಯಾಧಿಯನ್ನು ನಾಲ್ಕು ಮಜಲುಗಳಾಗಿ ವಿಂಗಡಿಸುವರು. ರಕ್ತ ಬೀಳುವುದು, ಆದರೆ ಗಂಟು ಹೊರಕ್ಕೆ ಬಾರದಿರುವುದು ಒಂದನೆಯ ಮಜಲು. ತಿಣುಕಿದಾಗ ಹೊರಬಂದು ತಾನಾಗಿಯೇ ಒಳಸೇರುವುದು ಎರಡನೆಯದು. ಬೆರಳಿನಿಂದ ಒಳಕ್ಕೆ ತಳ್ಳಬೇಕಾಗುವುದು ಮೂರನೆಯದು. ತಳ್ಳಿದರೂ ನಿಲ್ಲದೆ ಹೊರಗೇ ಇರುವುದು ನಾಲ್ಕನೆಯದು. ತನ್ನ ರೋಗವು ಯಾವ ಮಜಲಿನಲ್ಲಿದೆಯೆಂಬುದನ್ನು ಅರಿಯದೆ ಚಿಕಿತ್ಸೆಯ ಹೆಸರನ್ನು ಆರಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ.

ಪ್ರಾಚೀನರ ನಾಲ್ಕು ಉಪಾಯಗಳು

ಈ ವಿಷಯದಲ್ಲಿ ನಮ್ಮ ಸುಶ್ರುತಾಚಾರ್ಯರ ವಿವೇಕವು ಸ್ಮರಣಾರ್ಹವಾದುದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಆರನೆಯ ಅಧ್ಯಾಯದಲ್ಲಿ ಅವರು ಅರ್ಶಸ್ಸಿಗೆ ಭೇಷಜ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಸಾಧನೋಪಾಯಗಳನ್ನು ಹೇಳಿದ್ದಾರೆ. ಹೊಸದಾಗಿ ಹುಟ್ಟಿ ಉಪದ್ರವಗಳು ಕಡಮೆಯಿರುವಾಗ ಔಷಧ. ಮೆತ್ತಗೆ ಹರಡಿ ಆಳವಾಗಿ ಬೇರೂರಿ ಉಬ್ಬಿದ್ದರೆ ಕ್ಷಾರ. ಒರಟಾಗಿ ದಪ್ಪವಾಗಿ ಗಡುಸಾಗಿದ್ದರೆ ಅಗ್ನಿ. ಬುಡ ಸಣ್ಣದಾಗಿ ಎದ್ದುನಿಂತು ಒಸರುತ್ತಿದ್ದರೆ ಶಸ್ತ್ರ. ಒಳಗನ್ನು ನೋಡುವುದಕ್ಕೆ ಅವರು ವಿಧಿಸಿದ ಅರ್ಶೋಯಂತ್ರವು ಹಸುವಿನ ಮೊಲೆಯ ಆಕಾರದ್ದು, ನಾಲ್ಕು ಅಂಗುಲ ಉದ್ದದ್ದು. ಗಂಡಸರಿಗೊಂದು, ಹೆಂಗಸರಿಗೊಂದು ಸುತ್ತಳತೆಯನ್ನು ಕೂಡ ಹೇಳಿದ್ದಾರೆ. ಇಂದಿನ ಪ್ರಾಕ್ಟೋಸ್ಕೋಪನ್ನು ಕಂಡವರಿಗೆ ಇದರ ಹೋಲಿಕೆಯು ತಟ್ಟನೆ ಹೊಳೆಯುತ್ತದೆ.

ಹಾಗೆಂದು, ಇಂದಿನ ವಿದ್ಯೆಯೆಲ್ಲವೂ ನಮ್ಮ ಗ್ರಂಥಗಳಲ್ಲಿಯೇ ಇತ್ತೆಂದು ಹೇಳುವ ಪಂಥಕ್ಕೆ ನಾನು ಸೇರಿದವನಲ್ಲ. ರಕ್ತಪರಿಚಲನೆಯ ಜ್ಞಾನವೂ ಅರಿವಳಿಕೆಯೂ ರೋಗಾಣುಗಳ ನಿವಾರಣೆಯೂ ನವೀನ ಕಾಲದ ಸಂಪಾದನೆಗಳು. ಆದರೆ ಎಲ್ಲರಿಗೂ ಒಂದೇ ಉಪಾಯವೆಂದು ಸುಶ್ರುತರು ಹೇಳಲಿಲ್ಲ. ಗಂಟಿನ ಲಕ್ಷಣವನ್ನು ನೋಡಿ ಉಪಾಯವನ್ನು ಆರಿಸಿದರು. ಚರಕ ಸಂಹಿತೆಯಾದರೋ ಶಸ್ತ್ರ, ಕ್ಷಾರ, ಅಗ್ನಿಗಳನ್ನು ನೆಚ್ಚುವವರಿದ್ದಾರೆಂದು ಒಪ್ಪಿಕೊಂಡು, ಅವುಗಳಿಂದಾಗುವ ಅಪಾಯಗಳನ್ನು ಎಣಿಸಿ, ಪಥ್ಯಕ್ಕೂ ಮಜ್ಜಿಗೆಗೂ ಪ್ರಾಶಸ್ತ್ಯವನ್ನು ಕೊಟ್ಟಿತು. ಈ ಹಳೆಯ ವಾದವೇ ಇಂದಿನ ವೈದ್ಯಸಭೆಗಳಲ್ಲಿಯೂ ಬೇರೆ ವೇಷದಲ್ಲಿ ನಡೆಯುತ್ತಿರುವುದು.

ಮೊದಲ ಮೆಟ್ಟಿಲು

ಯಾವ ಯಂತ್ರಕ್ಕೂ ಮೊದಲು ಆಹಾರ. ನಾರುಳ್ಳ ಪದಾರ್ಥವನ್ನು ಹೆಚ್ಚಿಸಿದರೆ ರಕ್ತಸ್ರಾವವು ಸುಮಾರು ಅರ್ಧದಷ್ಟು ತಗ್ಗುವುದೆಂದು ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೦೫ರಲ್ಲಿ ಪ್ರಕಟವಾದ ವಿಮರ್ಶೆಯಿಂದ ತಿಳಿದುಬಂದಿದೆ. ದಿನಕ್ಕೆ ೨೫ರಿಂದ ೩೦ ಗ್ರಾಂ ನಾರು ಬೇಕು. ರಾಗಿ, ಹುರುಳಿ, ಅವರೆ, ಸೊಪ್ಪು, ಸೀಬೆಹಣ್ಣುಗಳಿರುವ ಮನೆಯಲ್ಲಿ ಇದೇನೂ ದುರ್ಲಭವಲ್ಲ. ಸಾಲದಿದ್ದರೆ ಇಸಬಗೋಲು ಉಂಟು. ಧಾರಾಳವಾಗಿ ನೀರು ಕುಡಿಯಬೇಕು. ಶೌಚದಲ್ಲಿ ವೃತ್ತಪತ್ರಿಕೆಯನ್ನೋ ಮೊಬೈಲನ್ನೋ ಹಿಡಿದು ಅರ್ಧಗಂಟೆ ಕೂರುವ ಅಭ್ಯಾಸವನ್ನು ಬಿಡಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕುಳಿತರೆ ಉರಿ ಶಮನವಾಗುವುದು. ಒಂದನೆಯ ಮಜಲಿನವರಲ್ಲಿ ಬಹುಮಂದಿಗೆ ಇಷ್ಟೇ ಸಾಕು. ಬಸುರಿಯರಿಗೂ ಸಾಮಾನ್ಯವಾಗಿ ಇದೇ ಚಿಕಿತ್ಸೆ. ಹೆರಿಗೆಯ ತರುವಾಯ ಬಾಧೆಯು ತಾನಾಗಿ ಇಳಿಯುವುದುಂಟು. ಮುಂದೆ ಹೇಳುವ ಯಾವ ಚಿಕಿತ್ಸೆಯನ್ನು ಮಾಡಿಸಿಕೊಂಡರೂ ಈ ಪಥ್ಯವು ತಪ್ಪದು. ತಪ್ಪಿದರೆ ರೋಗವು ಹಿಂದಿರುಗುವುದು.

ಹೊರರೋಗಿ ವಿಭಾಗದ ಮೂರು ಉಪಾಯಗಳು

ಪಥ್ಯದಿಂದ ಗುಣ ಕಾಣದವರಿಗೆ, ಹಾಸಿಗೆ ಹಿಡಿಯದೆ ಮಾಡಿಸಿಕೊಳ್ಳಬಹುದಾದ ಉಪಾಯಗಳು ಮೂರು.

ಮೊದಲನೆಯದು ರಬ್ಬರ್ ಬ್ಯಾಂಡು. ಗಂಟಿನ ಬುಡವನ್ನು ದಾರದಿಂದ ಬಿಗಿಯುವ ಉಪಕರಣವನ್ನು ೧೯೫೮ರಲ್ಲಿ ಬ್ಲೇಯ್ಸ್‌ಡೆಲ್ ಎಂಬವರು ಅಮೆರಿಕದಲ್ಲಿ ತಂದರು. ೧೯೬೩ರಲ್ಲಿ ಬ್ಯಾರನ್ ಎಂಬವರು ದಾರದ ಸ್ಥಾನದಲ್ಲಿ ರಬ್ಬರಿನ ಬಳೆಯನ್ನು ಬಳಸಿದರು. ದಂತರೇಖೆಗಿಂತ ಮೇಲೆ ಬಳೆಯನ್ನು ಬಿಗಿದರೆ, ರಕ್ತವು ನಿಂತ ಗಂಟು ಬಾಡಿ ಸುಮಾರು ಒಂದು ವಾರದಲ್ಲಿ ಉದುರಿಹೋಗುವುದು. ಉಳಿದ ಗಾಯವು ಮಾಯುವಾಗ ಜಾರಿದ ಪೊರೆಯು ಮೇಲಕ್ಕೆ ಅಂಟಿಕೊಳ್ಳುವುದು. ಅರಿವಳಿಕೆ ಬೇಕಾಗಿಲ್ಲ, ಕೆಲವು ನಿಮಿಷಗಳ ಕೆಲಸ. ಒಂದೆರಡು ದಿನ ಭಾರದಂತಹ ನೋವಿರುತ್ತದೆ. ಒಂದರಿಂದ ಮೂರನೆಯ ಮಜಲಿನವರೆಗೆ ಇದು ಸಲ್ಲುವುದು. ಕೆಲವರಿಗೆ ಕೆಲವು ವಾರಗಳ ತರುವಾಯ ಮತ್ತೊಮ್ಮೆ ಹಾಕಿಸಬೇಕಾಗಬಹುದು. ಗಂಟು ಉದುರುವ ಸಮಯದಲ್ಲಿ ರಕ್ತಸ್ರಾವವಾಗುವ ಸಂಭವವಿರುವುದರಿಂದ, ಹೃದ್ರೋಗಕ್ಕಾಗಿ ರಕ್ತವನ್ನು ತೆಳುಮಾಡುವ ಮಾತ್ರೆಗಳನ್ನು ಸೇವಿಸುವವರು ಅದನ್ನು ಮೊದಲೇ ತಿಳಿಸತಕ್ಕದ್ದು. ಬ್ಯಾಂಡು ಹಾಕಿಸಿಕೊಂಡ ಮೇಲೆ ಜ್ವರ, ಏರುತ್ತಿರುವ ನೋವು, ಮೂತ್ರ ಕಟ್ಟುವುದು, ಇವು ಕಂಡರೆ ರಾತ್ರಿಯಾದರೂ ಸರಿಯೇ ಆಸ್ಪತ್ರೆಗೆ ಹೋಗಬೇಕು. ಅಪರೂಪವಾದರೂ ಅದು ಪ್ರಾಣಾಪಾಯದ ಸೋಂಕಿನ ಸೂಚನೆ.

ಎರಡನೆಯದು ಸೂಜಿಮದ್ದು. ಬಾದಾಮಿ ಎಣ್ಣೆಯಲ್ಲಿ ನೂರಕ್ಕೆ ಐದರಂತೆ ಬೆರೆಸಿದ ಫೀನಾಲನ್ನು ಗಂಟಿನ ಮೇಲ್ಭಾಗದ ಒಳಪೊರೆಯ ಕೆಳಗೆ ಸೇರಿಸಿದರೆ ಅಲ್ಲಿ ಗಂಟು ಕುಗ್ಗಿ ಗಟ್ಟಿಯಾಗುವುದು. ಇದು ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ಪದ್ಧತಿ. ಈಗ ಪೊಲಿಡೊಕೆನಾಲ್ ಎಂಬ ಮದ್ದನ್ನು ನೊರೆಮಾಡಿ ಚುಚ್ಚುವುದೂ ಉಂಟು. ಒಂದನೆಯ ಎರಡನೆಯ ಮಜಲುಗಳಿಗೆ ಇದು ತಕ್ಕುದು. ನೋವು ಅತ್ಯಲ್ಪ, ಆದರೆ ಗುಣವು ಬಹುಕಾಲ ನಿಲ್ಲುವುದೆಂಬ ಭರವಸೆಯಿಲ್ಲ. ಬಾದಾಮಿಯ ಅಲರ್ಜಿ ಇರುವವರು ಎಣ್ಣೆಯ ಮದ್ದನ್ನು ತೆಗೆದುಕೊಳ್ಳಕೂಡದು. ಸೂಜಿಯು ಸ್ಥಾನ ತಪ್ಪಿದರೆ ಗಂಡಸರಲ್ಲಿ ಮುಂಭಾಗದ ಪ್ರಾಸ್ಟೇಟ್ ಗ್ರಂಥಿಗೆ ಅಪಾಯವಾಗಬಹುದಾದುದರಿಂದ, ಇದು ಅಂಗರಚನೆಯನ್ನು ಬಲ್ಲವರೇ ಮಾಡಬೇಕಾದ ಕೆಲಸ. ಬೀದಿಬದಿಯ ನಕಲಿ ವೈದ್ಯರ ಕೈಚಳಕವೂ ಸೂಜಿಯೇ ಎಂಬುದನ್ನು ವಾಚಕರು ಮರೆಯಬಾರದು. ನಾನು ಬಲ್ಲ ನಿವೃತ್ತ ಗುಮಾಸ್ತರೊಬ್ಬರು ಅಂತಹ ಒಬ್ಬನಿಂದ ಏನೆಂದರಿಯದ ಮದ್ದನ್ನು ಚುಚ್ಚಿಸಿಕೊಂಡು, ಮಾಂಸವು ಕೊಳೆತು, ಜ್ವರದಿಂದ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದರು. ರೋಗವನ್ನು ಮುಚ್ಚಿಡಲು ಹೋದವರ ಸುದ್ದಿಯು ಊರಿಗೆಲ್ಲ ತಿಳಿಯಿತು.

ಮೂರನೆಯದು ಅವಗೆಂಪು ಕಿರಣ. ಇದನ್ನು ಅಗ್ನಿಕರ್ಮದ ನವೀನ ರೂಪವೆನ್ನಬಹುದು. ಹ್ಯಾಲೊಜನ್ ದೀಪದ ಶಾಖವನ್ನು ಒಂದು ಕಡ್ಡಿಯ ತುದಿಯಿಂದ ಒಂದೆರಡು ಸೆಕೆಂಡು ಗಂಟಿನ ಬುಡಕ್ಕೆ ಮುಟ್ಟಿಸುವರು. ಒಂದನೆಯ ಎರಡನೆಯ ಮಜಲುಗಳ ರಕ್ತಸ್ರಾವಕ್ಕೆ ಇದು ಒಳ್ಳೆಯದು. ಬ್ಯಾಂಡಿಗಿಂತ ನೋವು ಕಡಮೆ, ಆದರೆ ಬಾಳಿಕೆಯೂ ಕಡಮೆ. ಈ ಮೂರರಲ್ಲಿ ಬಾಳಿಕೆಯನ್ನು ನೋಡಿದರೆ ಬ್ಯಾಂಡಿಗೇ ಅಗ್ರಸ್ಥಾನವೆಂಬುದು ಬಹುಮಂದಿ ಶಸ್ತ್ರವೈದ್ಯರ ಮತ.

ಅರಿವಳಿಕೆ ಬೇಕಾಗುವ ಉಪಾಯಗಳು

ಡಾಪ್ಲರ್ ಪದ್ಧತಿಯನ್ನು ೧೯೯೫ರಲ್ಲಿ ಜಪಾನಿನ ಮೊರಿನಾಗ ಎಂಬ ವೈದ್ಯರು ವಿವರಿಸಿದರು. ರಕ್ತದ ಹರಿವಿನ ಸಪ್ಪಳವನ್ನು ಶಬ್ದಾತೀತ ತರಂಗಗಳಿಂದ ಆಲಿಸಿ, ಗಂಟಿಗೆ ರಕ್ತವನ್ನು ತರುವ ಧಮನಿಗಳನ್ನು ಗುರುತಿಸಿ ಹೊಲಿಗೆಯಿಂದ ಕಟ್ಟುವರು. ಕಾಲುವೆಯನ್ನು ಕಟ್ಟಿ ಕೆರೆಯನ್ನು ಇಳಿಸಿದಂತೆ. ಜಾರಿದ ಪೊರೆಯನ್ನು ಮೇಲೆತ್ತಿ ಹೊಲಿಯುವುದೂ ಉಂಟು. ಇದನ್ನು ಬ್ಯಾಂಡಿನೊಡನೆ ತೂಗಿನೋಡುವ ಪರೀಕ್ಷೆಯೊಂದು ಬ್ರಿಟನ್ನಿನಲ್ಲಿ ಸುಮಾರು ೩೭೦ ಮಂದಿ ಎರಡನೆಯ ಮೂರನೆಯ ಮಜಲಿನ ರೋಗಿಗಳ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾಯಿತು. ಒಂದು ವರುಷದೊಳಗೆ ರೋಗವು ಮರುಕಳಿಸಿದವರು ಧಮನಿಯನ್ನು ಕಟ್ಟಿದವರಲ್ಲಿ ನೂರಕ್ಕೆ ೩೦, ಒಮ್ಮೆ ಬ್ಯಾಂಡು ಹಾಕಿದವರಲ್ಲಿ ನೂರಕ್ಕೆ ೪೯. ಇಷ್ಟನ್ನೇ ಓದಿದರೆ ಡಾಪ್ಲರೇ ಗೆದ್ದಿತೆಂದು ತೋರುವುದು. ಆದರೆ ಎರಡನೆಯ ಸಲ ಬ್ಯಾಂಡು ಹಾಕಿಸಿಕೊಂಡು ಗುಣ ಹೊಂದಿದವರನ್ನೂ ಲೆಕ್ಕಕ್ಕೆ ತಂದರೆ ಈ ಅಂತರವು ಬಹುಮಟ್ಟಿಗೆ ಕರಗಿಹೋಗುವುದು. ಮೊದಲ ದಿನಗಳ ನೋವೂ ವೆಚ್ಚವೂ ಡಾಪ್ಲರಿನಲ್ಲಿಯೇ ಹೆಚ್ಚು. ಅಂಕಿಗಳನ್ನು ಹೇಳುವವರು ಯಾವ ಅಂಕಿಯನ್ನು ಬಿಟ್ಟರೆಂದು ಕೇಳುವುದು ಜಾಣತನ.

ಸ್ಟೇಪ್ಲರ್ ಪದ್ಧತಿಯನ್ನು ಇಟಲಿಯ ಲೋಂಗೊ ಎಂಬವರು ೧೯೯೮ರಲ್ಲಿ ಪ್ರಸಿದ್ಧಿಗೆ ತಂದರು. ಗಂಟುಗಳನ್ನು ಮುಟ್ಟದೆ, ಅವುಗಳ ಮೇಲಿರುವ ಸಡಿಲವಾದ ಪೊರೆಯನ್ನು ಉಂಗುರದಂತೆ ಕತ್ತರಿಸಿ, ಎರಡು ಅಂಚುಗಳನ್ನೂ ಲೋಹದ ಪಿನ್ನುಗಳಿಂದ ಕೂಡಿಸುವರು. ಜಾರಿದ ಲಂಗವನ್ನು ಸೊಂಟದಲ್ಲಿ ಮಡಿಸಿ ಹೊಲಿದು ಮೇಲೆತ್ತಿದಂತೆ. ನೋವು ಕಡಮೆ, ಕೆಲಸಕ್ಕೆ ಬೇಗ ಹಿಂದಿರುಗಬಹುದು. ಆದರೆ ಬ್ರಿಟನ್ನಿನಲ್ಲಿ ೭೭೭ ರೋಗಿಗಳನ್ನು ಆರಿಸಿ ಇದನ್ನು ಹಳೆಯ ಛೇದನದೊಡನೆ ಹೋಲಿಸಿ ೨೦೧೬ರಲ್ಲಿ ಪ್ರಕಟಿಸಿದ ಪರೀಕ್ಷೆಯ ಫಲವು ಯೋಚಿಸತಕ್ಕುದಾಗಿದೆ. ಎರಡು ವರುಷಗಳಲ್ಲಿ ಮರುಕಳಿಸಿದವರು ಸ್ಟೇಪ್ಲರಿನಲ್ಲಿ ನೂರಕ್ಕೆ ೪೨, ಛೇದನದಲ್ಲಿ ನೂರಕ್ಕೆ ೨೫. ಮೊದಲ ವಾರಗಳ ಸುಖವು ಸ್ಟೇಪ್ಲರಿನದು. ಎರಡು ವರುಷಗಳನ್ನು ಒಟ್ಟಾಗಿ ನೋಡಿದರೆ ನೆಮ್ಮದಿಯೂ ಮಿತವ್ಯಯವೂ ಛೇದನದವು. ಇದಲ್ಲದೆ ಮಲವೇಗವನ್ನು ತಡೆಯಲಾರದಿರುವುದು, ಅಪರೂಪವಾಗಿ ಕರುಳಿಗೆ ತೂತಾಗುವುದು ಮುಂತಾದ ಉಪದ್ರವಗಳು ವರದಿಯಾಗಿರುವುದರಿಂದ ಇದರ ಮೇಲಿನ ಮೊದಲ ಉತ್ಸಾಹವು ಈಗ ತಗ್ಗಿದೆ.

ಇನ್ನು ಲೇಸರ್. ಜಾಹೀರಾತುಗಳ ಕಣ್ಮಣಿಯಿದು. ಕೂದಲೆಳೆಯಂತಹ ತಂತುವನ್ನು ಗಂಟಿನೊಳಕ್ಕೆ ತೂರಿಸಿ, ೧೪೭೦ ನ್ಯಾನೊಮೀಟರ್ ಅಲೆಯುದ್ದದ ಕಿರಣದಿಂದ ಒಳಗಿನ ನಾಳಗಳನ್ನು ಬತ್ತಿಸುವುದು ಇದರ ಮುಖ್ಯ ಕ್ರಮ. ಹೊರಗೆ ದೊಡ್ಡ ಗಾಯವಿಲ್ಲ; ಛೇದನಕ್ಕಿಂತ ನೋವು ಕಡಮೆಯೆಂಬುದು ನಿಜ. ಎರಡನೆಯ ಮೂರನೆಯ ಮಜಲುಗಳಿಗೆ ಇದನ್ನು ಯೋಚಿಸಬಹುದು. ಹೊರಗೆ ಜೋತುಬಿದ್ದ ದೊಡ್ಡ ಗಂಟುಗಳಿಗೆ ಸಾಲದು. ಲಿಥುವೇನಿಯಾ ದೇಶದಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿಯೂ ಲೇಸರಿನವರಿಗೆ ನೋವು ಕಡಮೆಯಾಗಿತ್ತು, ಆದರೆ ಮರುಕಳಿಕೆಯು ಛೇದನಕ್ಕಿಂತ ಹೆಚ್ಚಾಗಿತ್ತು. ಮತ್ತೊಂದು ಮಾತು: ಲೇಸರನ್ನು ಬರಿಯ ಕತ್ತಿಯಂತೆ ಬಳಸಿ ಗಂಟನ್ನು ಕೊಯ್ಯುವುದೂ ಉಂಟು. ಅಲ್ಲಿ ಹೆಸರು ಮಾತ್ರ ಹೊಸದು, ಗಾಯ ಹಳೆಯದೇ.

ಛೇದನದ ಸ್ಥಾನ

ಎಲ್ಲರೂ ಅಂಜುವ ಛೇದನವನ್ನು ಕುರಿತು ಎರಡು ಮಾತು ಹೇಳದಿದ್ದರೆ ತುಲನೆಯು ಪೂರ್ಣವಾಗದು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್, ಮಾರ್ಗನ್ ಎಂಬ ವೈದ್ಯರು ೧೯೩೭ರಲ್ಲಿ ವಿವರಿಸಿದ ಕ್ರಮವೇ ಇಂದಿಗೂ ಇದರ ಬುನಾದಿ. ಮೊದಲ ಒಂದೆರಡು ವಾರಗಳು ಕಷ್ಟದವು; ಮಲವಿಸರ್ಜನೆಯೆಂದರೆ ಭಯ; ಪೂರ್ಣವಾಗಿ ಮಾಯಲು ತಿಂಗಳಾದರೂ ಬೇಕು. ರಕ್ತಸ್ರಾವ, ಮೂತ್ರಬಂಧ, ಮಾರ್ಗವು ಕಿರಿದಾಗುವುದು ಮುಂತಾದ ಉಪದ್ರವಗಳು ಕೆಲವರಿಗೆ ಉಂಟಾಗಬಹುದು. ಆದರೆ ರೋಗವು ಮತ್ತೆ ಬರುವ ಸಂಭವವು ಎಲ್ಲ ಉಪಾಯಗಳಿಗಿಂತಲೂ ಇದರಲ್ಲಿ ಕಡಮೆ. ನಾಲ್ಕನೆಯ ಮಜಲಿಗೂ, ಒಳಗೂ ಹೊರಗೂ ಬೆಳೆದ ದೊಡ್ಡ ಗಂಟುಗಳಿಗೂ ಇದೇ ಮುಖ್ಯ ಉಪಾಯ.

ಇಲ್ಲಿಯವರೆಗೆ ಹೇಳಿದುದರ ಸಾರವೇನೆಂದರೆ, ಗಾಯವು ಕಡಮೆಯಾದಷ್ಟೂ ಮರುಕಳಿಕೆಯ ಸಂಭವವು ಹೆಚ್ಚು. ಮರುಕಳಿಕೆಯು ಕಡಮೆಯಾದಷ್ಟೂ ನೋವು ಹೆಚ್ಚು. ಎರಡು ಲಾಭಗಳನ್ನೂ ಒಟ್ಟಿಗೆ ಕೊಡುವ ಯಂತ್ರವು ಇನ್ನೂ ಹುಟ್ಟಿಲ್ಲ. ಆದುದರಿಂದ ಮಜಲು ಅನುಮತಿಸುವ ಅತ್ಯಂತ ಹಗುರವಾದ ಉಪಾಯದಿಂದ ತೊಡಗಿ, ಸಾಲದೆ ಹೋದಲ್ಲಿ ಮುಂದಿನ ಮೆಟ್ಟಿಲನ್ನೇರುವುದೇ ಕ್ರಮ. ಎಪ್ಪತ್ತು ದಾಟಿದ ಹೃದ್ರೋಗಿಯೂ ಮೂವತ್ತರ ರೈತನೂ ಒಂದೇ ಉತ್ತರವನ್ನು ಆರಿಸಬೇಕಾದುದಿಲ್ಲ. ಇನ್ನೊಮ್ಮೆ ಬಂದರೂ ಚಿಂತೆಯಿಲ್ಲ, ಈಗ ನೋವು ಬೇಡವೆನ್ನುವವರಿದ್ದಾರೆ. ಒಮ್ಮೆ ನೋವಾದರೂ ಸರಿ, ಮತ್ತೆ ಬಾರದಿರಲೆನ್ನುವವರೂ ಇದ್ದಾರೆ. ಇಬ್ಬರದೂ ಸರಿಯೇ, ತಿಳಿದು ಆರಿಸಿರಬೇಕು, ಅಷ್ಟೆ.

ಅತಿಮುಖ್ಯವಾದ ಎಚ್ಚರಿಕೆ

ಮಲದೊಡನೆ ಬೀಳುವ ರಕ್ತವೆಲ್ಲವೂ ಮೂಲವ್ಯಾಧಿಯದಲ್ಲ. ಚುರುಚುರು ನೋವಿದ್ದರೆ ಸೀಳುಗಾಯವಿರಬಹುದು. ಅದಕ್ಕಿಂತಲೂ ಭಯಂಕರವಾದುದು ಕರುಳಿನ ಕ್ಯಾನ್ಸರು. ಮೊದಲಲ್ಲಿ ಅದೂ ಇದೇ ವೇಷದಿಂದ ಬರುವುದು. ನಲವತ್ತು ನಲವತ್ತೈದು ದಾಟಿದವರಿಗೆ ಹೊಸದಾಗಿ ರಕ್ತ ಕಂಡರೆ, ಮಲಪ್ರವೃತ್ತಿಯ ರೀತಿ ಬದಲಾದರೆ, ತೂಕ ಇಳಿದರೆ, ಮುಖವು ಬಿಳಿಚಿಕೊಂಡು ಆಯಾಸವಾದರೆ, ಅಥವಾ ವಂಶದಲ್ಲಿ ಆ ರೋಗವಿದ್ದರೆ, ಬೆರಳಿನ ಪರೀಕ್ಷೆಯನ್ನೂ ವೈದ್ಯರು ಹೇಳಿದರೆ ಕೊಲೊನೋಸ್ಕೊಪಿಯನ್ನೂ ಮಾಡಿಸಿಕೊಳ್ಳದೆ ಯಾವ ಚಿಕಿತ್ಸೆಗೂ ಒಪ್ಪಕೂಡದು. ಒಳಗನ್ನು ನೋಡದೆಯೇ ಲೇಸರಿಗೆ ದಿನ ಗೊತ್ತುಮಾಡುವ ಸ್ಥಳದಿಂದ ಎದ್ದು ಬರುವುದೇ ಲೇಸು.

ವೈದ್ಯರ ಬಳಿಗೆ ಹೋದಾಗ ಈ ಐದು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಡಿರಿ. ನನ್ನ ರೋಗವು ಯಾವ ಮಜಲಿನದು? ಇದು ಮೂಲವ್ಯಾಧಿಯೇ ಎಂದು ಹೇಗೆ ನಿಶ್ಚಯಿಸಿದಿರಿ? ಇದಕ್ಕಿಂತ ಹಗುರವಾದ ಉಪಾಯವಿದೆಯೇ? ನೀವು ಹೇಳುವ ಚಿಕಿತ್ಸೆಯ ಮೇಲೆ ರೋಗವು ಮರುಕಳಿಸುವ ಸಂಭವವೆಷ್ಟು? ಮರುಕಳಿಸಿದರೆ ಮುಂದೇನು? ಬಲ್ಲ ವೈದ್ಯರು ಇವುಗಳಿಗೆ ಬೇಸರಪಡದೆ ಉತ್ತರ ಕೊಡುವರು.

ಗೃಹಿಣಿಯರಿಗೆ ವಿಶೇಷವಾಗಿ ಒಂದು ಮಾತು. ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆಯರು ಇದ್ದರೆ ಅವರನ್ನು ಕಾಣಿರಿ. ಇಲ್ಲದಿದ್ದರೆ ಮಗಳನ್ನೋ ತಂಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿರಿ. ಪರೀಕ್ಷೆಗೆ ಬೇಕಾದುದು ಐದು ನಿಮಿಷ. ಗಂಡಸರು ಮನೆಯಲ್ಲಿ ಈ ಮಾತನ್ನು ತಾವಾಗಿ ಎತ್ತಿ ಕೇಳಿದರೆ, ಎಷ್ಟೋ ತಾಯಂದಿರ ಬಹುದಿನದ ಸಂಕಟವು ಒಂದು ರಬ್ಬರ್ ಬಳೆಯಿಂದ, ಇಲ್ಲವೆ ರಾಗಿ ಸೊಪ್ಪುಗಳಿಂದಲೇ, ತೀರಬಹುದು.